ಊರಿಗೆ ತಿಳಿಸದ ಪ್ರಯಾಣ

೧೯೭೯ನೆಯ ಇಸವಿ ಜೂನ್ ಹನ್ನೆರಡು, ಮಂಗಳವಾರ. ಕರಾತ್ಸು ಪಟ್ಟಣದ ಹಮಾನೊ ಬೀದಿಯಲ್ಲಿ ಮನೆಗಳು ಮೂವತ್ತೆಂಟು. ಅವುಗಳಲ್ಲಿ ಒಂದು ಸಾರ್ವಜನಿಕ ಸ್ನಾನಗೃಹ. ಉಳಿದ ಮೂವತ್ತೇಳು ಮನೆಗಳಲ್ಲಿ ಒಂದಕ್ಕೂ ತಿಳಿಯದಂತೆ, ಸ್ನಾನಗೃಹದ ಒಡೆಯ ಕುವಬಾರ ಇಸೊಕಿಚಿ ಮತ್ತು ಅವನ ಹೆಂಡತಿ ಹತ್ಸುನೊ ಅಂದು ಬೆಳಿಗ್ಗೆ ಫುಕುವೊಕದಲ್ಲಿ ವಿಮಾನ ಹತ್ತಿ ತೈಪೆಗೆ ಹೊರಟರು. ಬಾಗಿಲಿಗೆ 'ಬಾಯ್ಲರ್ ದುರಸ್ತಿ, ನಾಲ್ಕು ದಿನ ರಜೆ' ಎಂದು ಬರೆದು ತೂಗುಹಾಕಿದ್ದು ನಿಜವೇ ಆಗಿತ್ತು. ಹತ್ಸುನೊಳ ಅಕ್ಕನ ಮೊಣಕಾಲು ನೋವೆಂದೂ, ಆಕೆಯನ್ನು ನೋಡಿಕೊಳ್ಳಲು ಹೋಗುತ್ತಿರುವುದಾಗಿಯೂ ಬೀದಿಗೆಲ್ಲ ಹೇಳಿದ್ದು ಮಾತ್ರ ಶುದ್ಧ ಸುಳ್ಳು.

ಸುಳ್ಳು ಹತ್ಸುನೊಳ ಸ್ವಭಾವವಲ್ಲ. ಆದರೆ ದೂರ ಪ್ರಯಾಣ ಹೊರಟವರೆಂದು ತಿಳಿದರೆ ಪ್ರತಿ ಮನೆಯಿಂದಲೂ ಹಣವಿಟ್ಟ ಲಕೋಟೆ ಬರುತ್ತದೆ. ಬಂದ ಪ್ರತಿ ಲಕೋಟೆಗೂ ಅದರ ಅರ್ಧ ಬೆಲೆಯ ಉಡುಗೊರೆಯನ್ನು ಹೋದ ಊರಿನಿಂದ ಹೊತ್ತು ತರಬೇಕು. ಒಂಬತ್ತು ವರ್ಷಗಳ ಹಿಂದೆ ಕ್ಯೋತೊಗೆ ಹೋದಾಗ ಅವಳು ಒಂದು ದೇವಾಲಯದ ಹೆಬ್ಬಾಗಿಲನ್ನೂ ದಾಟಿರಲಿಲ್ಲ. ಮೂರು ದಿನವೂ ಅಂಗಡಿಗಳ ಹೊಸ್ತಿಲು ತುಳಿದು, ಯಾರಿಗೂ ಹೆಚ್ಚುಕಡಿಮೆಯಾಗದಂತೆ ತೂಗಿ ಅಳೆದು, ಮೂವತ್ತೇಳು ಪೊಟ್ಟಣಗಳೊಂದಿಗೆ ಹಿಂದಿರುಗಿದ್ದಳು. ಆದ್ದರಿಂದ ಈ ಸಲ ಗಂಡನ ಮುಂದೆ ಒಂದೇ ಷರತ್ತು ಇಟ್ಟಿದ್ದಳು.

"ಬರಿಗೈಲಿ ಹೋಗ್ಬೇಕು, ಬರಿಗೈಲಿ ಬರ್ಬೇಕು. ಇಲ್ದಿದ್ರೆ ನೀವೊಬ್ರೇ ಹೋಗ್ಬನ್ನಿ."

ಇಸೊಕಿಚಿ ಒಪ್ಪಿದ್ದ.

ವಿಮಾನ ನೆಲ ಬಿಟ್ಟಾಗ ಹತ್ಸುನೊ ಕಿಟಕಿಗೆ ಹಣೆಯನ್ನು ಒತ್ತಿಕೊಂಡಿದ್ದಳು. ಕೆಳಗೆ ಸಮುದ್ರ, ಅದರ ಮೇಲೆ ಯಾರೋ ಸೋಪು ಉಜ್ಜಿ ತೊಳೆಯದೆ ಬಿಟ್ಟಂತೆ ಮೋಡದ ನೊರೆ. ಮೂವತ್ತು ವರ್ಷ ಸ್ನಾನಗೃಹದ ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವಿನ ಎತ್ತರದ ಪೀಠದಲ್ಲಿ ಕುಳಿತು ಕಾಸು ತೆಗೆದುಕೊಂಡವಳಿಗೆ, ಏನನ್ನೂ ಕಾಯಬೇಕಿಲ್ಲದ ಈ ಎತ್ತರ ಬಹಳ ಹಿಡಿಸಿತು.

"ರೀ, ನೋಡ್ರೀ, ತೊಳ್ಯೋರೇ ಇಲ್ಲ!"

"ನೀನು ಎದ್ದೋಗಿ ತೊಳೀಬೇಡ, ಅಷ್ಟು ಸಾಕು," ಎಂದ ಇಸೊಕಿಚಿ.

ಅವಳು ನಗುತ್ತಾ ಮುಂದಕ್ಕೆ ತಿರುಗಿದಳು. ನಗು ಅಲ್ಲೇ ನಿಂತಿತು. ಎರಡು ಸಾಲು ಮುಂದೆ ಬೋಳುತಲೆಯೊಂದು ಕಾಣುತ್ತಿತ್ತು. ಅದರ ಕೆಳಗೆ, ಕತ್ತಿನ ಮೇಲೆ, ಸೊಂಟನೋವಿಗೋ ತಲೆನೋವಿಗೋ ಮದ್ದೆಂದು ಸುಟ್ಟುಕೊಂಡ ಮೂರು ದುಂಡನೆಯ ಗುರುತುಗಳು ಓರೆಯಾಗಿ ಸಾಲುಗಟ್ಟಿದ್ದವು.

"ರೀ, ಅದು ಉಶಿಯೊ ಯಜಮಾನ್ರ ಕತ್ತು."

"ಕತ್ತು ನೋಡಿ ಹೆಂಗೆ ಹೇಳ್ತೀಯೆ?"

"ದಿನಾ ಸಂಜೆ ಆರು ಗಂಟೆಗೆ ನೋಡ್ತೀನಲ್ರೀ. ನಿಮಗೆ ಗೊತ್ತಾಗಲ್ವಾ?"

"ನಾನು ಬಾಯ್ಲರ್ ಮುಖ ಬಿಟ್ರೆ ಇನ್ಯಾರ ಮುಖಾನೂ ಸರಿಯಾಗಿ ನೋಡಿಲ್ಲ. ಇನ್ನು ಕತ್ತೆಲ್ಲಿ!"

ಉಶಿಯೊ ಅವರು ಹಮಾನೊ ಬೀದಿ ಸಂಘದ ಅಧ್ಯಕ್ಷರು. ಓಸಾಕಾದಲ್ಲಿರುವ ಮಗಳ ಬಾಣಂತನಕ್ಕೆಂದು ಹೆಂಡತಿ ಕಿನುಯೊ ಅವರೊಡನೆ ಹೊರಟಿರುವುದಾಗಿ ಹಿಂದಿನ ದಿನವಷ್ಟೇ ಸ್ನಾನಗೃಹದಲ್ಲಿ ಗಟ್ಟಿಯಾಗಿ ಸಾರಿದ್ದರು. ಹತ್ಸುನೊ ಉಳಿದ ಹಾದಿಯುದ್ದಕ್ಕೂ ಪತ್ರಿಕೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಳು. ಇಳಿಯುವಾಗ ಗಂಡನ ಬೆನ್ನ ಹಿಂದೆ ಅಡಗಿದಳು. ಪಾಸ್‌ಪೋರ್ಟಿನ ಸಾಲಿನಲ್ಲಿ ಇಬ್ಬರೂ ಕಂಬವೊಂದರ ಮರೆ ಹಿಡಿದರು. ಇಷ್ಟೆಲ್ಲ ಮಾಡಿ ಹೊರಗಿನ ಬಸ್ಸಿನಲ್ಲಿ ಕುಳಿತಾಗ, ಪ್ರವಾಸದ ಮಾರ್ಗದರ್ಶಿ ಶ್ರೀಮತಿ ಲಿನ್ ಹಳದಿ ಬಾವುಟ ಎತ್ತಿ ಹೆಸರು ಕೂಗತೊಡಗಿದರು.

"ಕುವಬಾರ ಅವ್ರು, ಇಬ್ರು! ಉಶಿಯೊ ಅವ್ರು, ಇಬ್ರು!"

ಮೊದಲ ಸಾಲಿನಿಂದ ಒಂದು ತಲೆ ಎದ್ದಿತು, ಕೊನೆಯ ಸಾಲಿನಿಂದ ಒಂದು ತಲೆ ಎದ್ದಿತು. ನಡುವೆ ಕುಳಿತವರ ಮೇಲೆಯೇ ಇಬ್ಬರೂ ಬಾಗಿ ನಮಸ್ಕರಿಸಿದರು.

"ಓಹೋ, ಕುವಬಾರ! ನಿಮ್ಮ ಹೆಂಡ್ತಿ ಅಕ್ಕನ ಮನೆ ಇಷ್ಟು ದೂರಾನಾ?" ಎಂದರು ಅಧ್ಯಕ್ಷರು.

"ಹೂಂ ಯಜಮಾನ್ರೇ. ಮೊಮ್ಮಗು ಆರೋಗ್ಯವಾಗಿದೆಯಾ? ಹುಟ್ಟೋಕೆ ಓಸಾಕಾ ಬಿಟ್ಟು ಇಲ್ಲಿಗೆ ಬಂತಾ?" ಎಂದ ಇಸೊಕಿಚಿ.

ಕಿನುಯೊ ಅವರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಅಧ್ಯಕ್ಷರು ಕೆಂಪಾದರು, ಆದರೆ ಪದವಿಯಲ್ಲಿರುವವರು ಹೆಚ್ಚು ಹೊತ್ತು ಕೆಂಪಾಗಿರುವುದಿಲ್ಲ. ಹೋಟೆಲ್ ತಲುಪುವಷ್ಟರಲ್ಲಿ ನಾಲ್ವರೂ ಒಪ್ಪಂದಕ್ಕೆ ಬಂದಿದ್ದರು: ಇವರು ಅವರನ್ನು ಕಂಡಿಲ್ಲ, ಅವರು ಇವರನ್ನು ಕಂಡಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಉಶಿಯೊ ಅವರ ಕೋಟಿನ ಒಳಜೇಬಿನಲ್ಲಿ ಮದುವೆಗೆ, ಸಾವಿಗೆ, ಪ್ರಯಾಣಕ್ಕೆ ಬೇಕಾಗುವ ಲಕೋಟೆಗಳು ಸದಾ ಇರುತ್ತಿದ್ದವು. ತಮ್ಮ ಬೀದಿಯ ದಂಪತಿ ಪೆಟ್ಟಿಗೆ ಹಿಡಿದು ಎದುರಿಗೆ ನಿಂತಿದ್ದನ್ನು ಕಂಡದ್ದೇ ತಡ, ಇಪ್ಪತ್ತು ವರ್ಷದ ಅಧ್ಯಕ್ಷಗಿರಿ ಅವರ ಕೈಯನ್ನು ಜೇಬಿಗೆ ಇಳಿಸಿತು. ಅವರು ಒಂದು ಲಕೋಟೆಗೆ ನೋಟುಗಳನ್ನು ಸೇರಿಸಿ, ಎರಡೂ ಕೈಗಳಿಂದ ಚಾಚಿ, "ಪ್ರಯಾಣ ಸುಖಕರವಾಗಿರ್ಲಿ," ಎಂದರು.

ಹತ್ಸುನೊಳ ಕೈಗಳೂ ಬೀದಿಯವೇ. ತಲೆಗೆ ಸುದ್ದಿ ಮುಟ್ಟುವ ಮೊದಲೇ ಅವು ಬಾಗಿ ಲಕೋಟೆಯನ್ನು ಸ್ವೀಕರಿಸಿಬಿಟ್ಟವು. ಸ್ವೀಕರಿಸಿದ್ದನ್ನು ಹಿಂದಿರುಗಿಸುವುದು ಮುಖಕ್ಕೆ ಹೊಡೆದಂತೆ.

ಕೋಣೆಯಲ್ಲಿ ಅವಳು ಮಂಚದ ಅಂಚಿಗೆ ಕುಳಿತಳು.

"ಒಂದೇ ಲಕೋಟೆ ತಾನೇ, ಬಿಡೇ," ಎಂದ ಇಸೊಕಿಚಿ.

"ಒಂದೇನಾ? ಇಲ್ಲಿಂದ ಏನಾದ್ರೂ ಅವರ ಮನೆಗೆ ಹೋದ್ರೆ ಪಕ್ಕದ ಮನೆಯವ್ರು ನೋಡ್ತಾರೆ. ಆಮೇಲೆ ಅವ್ರಿಗಿಲ್ವಾ, ಇವ್ರಿಗಿಲ್ವಾ? ಒಂದು ಮನೆಗೆ ಕೊಟ್ರೆ ಇನ್ನೂ ಮೂವತ್ತಾರು ಮನೆ ಬಾಕಿ. ನಾಳೆ ಬೆಳಿಗ್ಗೆ ಎದ್ದು ನಾನು ಅಂಗಡಿ ಸುತ್ತೋದು, ನೀವು ದೇವಸ್ಥಾನ ನೋಡೋದು. ಅದೇ ಕ್ಯೋತೊ!"

ಇಸೊಕಿಚಿ ಅವಳ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟ. "ಬಾ, ಗಾಳಿಗೆ ಹೋಗೋಣ. ಅಳೋದಾದ್ರೆ ಹೊರಗೇ ಅಳು, ಇಲ್ಲಿ ಯಾರಿಗೂ ನಮ್ಮ ಗುರುತಿಲ್ಲ."

"ಇದಾರಲ್ಲ ಇಬ್ರು!" ಎಂದಳು. ಆದರೂ ಎದ್ದಳು.

ಸಂಜೆಯ ಬಿಸಿಲು ಇನ್ನೂ ಆರಿರಲಿಲ್ಲ. ಹೋಟೆಲಿನ ಎದುರಿನ ಗಲ್ಲಿಯಲ್ಲಿ ಒಬ್ಬಳು ಮುದುಕಿ ಕೈಗಾಡಿಯ ತುಂಬ ಲಿಚಿ ಹಣ್ಣುಗಳನ್ನು ಎಲೆ, ಕಡ್ಡಿ ಸಮೇತ ಗೊಂಚಲುಗೊಂಚಲಾಗಿ ಪೇರಿಸಿಟ್ಟಿದ್ದಳು. ಹಮಾನೊ ಬೀದಿಯಲ್ಲಿ ಆ ಹಣ್ಣು ಡಬ್ಬಿಯ ಸಕ್ಕರೆ ಪಾಕದಲ್ಲಿ ಮಾತ್ರ ಕಂಡದ್ದು. ಹತ್ಸುನೊ ನೋಡುತ್ತ ನಿಂತದ್ದನ್ನು ಕಂಡು, ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಶ್ರೀಮತಿ ಲಿನ್ ಎಚ್ಚರಿಸಿದರು.

"ತಗೊಳ್ಳಿ ಅಮ್ಮಾ, ಆದ್ರೆ ಊರಿಗೆ ಅಂತ ಮಾತ್ರ ತಗೋಬೇಡಿ. ಹಣ್ಣು ನಿಮ್ಮ ದೇಶದೊಳಕ್ಕೆ ಬಿಡಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ಕೊಳ್ತಾರೆ."

"ಒಂದೂ ಬಿಡಲ್ವಾ?"

"ಒಂದೂ ಬಿಡಲ್ಲ. ಏನಿದ್ರೂ ಇಲ್ಲೇ ತಿಂದು ಮುಗಿಸ್ಬೇಕು."

"ಖಂಡಿತ ಬಿಡಲ್ವಾ?" ಎಂದು ಹತ್ಸುನೊ ಮತ್ತೊಮ್ಮೆ ಕೇಳಿದಳು. ಇಷ್ಟು ಸಂತೋಷದಿಂದ ಆ ಪ್ರಶ್ನೆ ಕೇಳಿದವರನ್ನು ಶ್ರೀಮತಿ ಲಿನ್ ಹಿಂದೆಂದೂ ಕಂಡಿರಲಿಲ್ಲ.

ಅವಳು ಲಕೋಟೆಯನ್ನು ಒಡೆದಳು. ಅದರಲ್ಲಿದ್ದುದರ ಸರಿಯಾಗಿ ಅರ್ಧವನ್ನು ಶ್ರೀಮತಿ ಲಿನ್ ಅವರಿಂದ ಆ ಊರಿನ ನೋಟುಗಳಿಗೆ ಬದಲಿಸಿಕೊಂಡು, ಅಷ್ಟಕ್ಕೂ ಹಣ್ಣು ಕೊಟ್ಟುಬಿಡುವಂತೆ ಮುದುಕಿಗೆ ಸನ್ನೆ ಮಾಡಿದಳು. ಮುದುಕಿ ಗಾಡಿಯನ್ನೇ ಮುಂದಕ್ಕೆ ನೂಕಿದಳು. ಗಂಡಹೆಂಡಿರಿಬ್ಬರ ತೋಳುಗಳೂ ಗಲ್ಲದವರೆಗೆ ತುಂಬಿದವು.

ಉಶಿಯೊ ದಂಪತಿ ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಬೀಸಣಿಗೆ ಹಿಡಿದು ಕುಳಿತಿದ್ದರು. ಹತ್ಸುನೊ ಅವರ ಮುಂದೆ ಹಣ್ಣಿನ ರಾಶಿ ಇಳಿಸಿ, ಸೊಂಟ ಬಾಗಿಸಿ, ಊರಿಗೆ ಮರಳಿದವರು ಮನೆಮನೆಯ ಬಾಗಿಲಲ್ಲಿ ಹೇಳುವ ಮಾತನ್ನೇ ಹೇಳಿದಳು.

"ಪ್ರಯಾಣದಿಂದ ನಿಮಗೇಂತ ತಂದಿದ್ದು. ತೀರಾ ಅಲ್ಪ. ದಯವಿಟ್ಟು ಸ್ವೀಕರಿಸ್ಬೇಕು."

"ಪ್ರಯಾಣ ಇನ್ನೂ ಶುರುವಾಗಿದ್ದೇ ಇವತ್ತಲ್ವೇನಮ್ಮಾ?" ಎಂದರು ಅಧ್ಯಕ್ಷರು.

"ನಮ್ಮದು ಮುಗೀತು ಯಜಮಾನ್ರೇ. ಇನ್ನುಳಿದಿದ್ದು ನೋಡೋದಷ್ಟೇ."

ಕಿನುಯೊ ಅವರಿಗೆ ಒಮ್ಮೆಲೇ ಅರ್ಥವಾಯಿತು. ಅವರು ನಕ್ಕು ನಕ್ಕು ಬೀಸಣಿಗೆಯಿಂದ ಗಂಡನ ತೊಡೆಗೆ ಬಾರಿಸಿದರು. "ನಾವು ಯಾಕೆ ಕದ್ದು ಬಂದಿದ್ದು ಅಂದ್ಕೊಂಡ್ರಿ? ಬಾಣಂತನ ಅಂತ ಹೇಳ್ಸಿದ್ದು ನಾನೇ. ಈ ಮನುಷ್ಯ ಇಲ್ಲೂ ಲಕೋಟೆ ತೆಗೆದ್ರಲ್ಲ ಹತ್ಸುನೊ ಅವ್ರೇ! ನಾನು ಆಗ್ಲೇ ನೆಲದೊಳಗೆ ಹೋಗ್ಬಿಟ್ಟೆ."

"ಕೈ ತಾನಾಗೇ ಹೋಯ್ತು ಕಣೇ," ಎಂದರು ಅಧ್ಯಕ್ಷರು ಬಹಳ ಮೆಲ್ಲಗೆ.

ಅನಂತರ ನಾಲ್ವರೂ ಕಾಲುಚೀಲ ಕಳಚಿ, ತೋಳು ಮಡಿಸಿ, ರಾಶಿಯ ಸುತ್ತ ಕುಳಿತರು. ತರಿತರಿಯಾದ ಕೆಂಪು ಸಿಪ್ಪೆ ಬಿಚ್ಚಿದರೆ ಒಳಗೆ ಈಗಷ್ಟೇ ಸ್ನಾನ ಮುಗಿಸಿ ಬಂದಂಥ ನುಣುಪು ತಿರುಳು. ರಸ ಮೊಣಕೈವರೆಗೆ ಇಳಿಯಿತು. ಅಧ್ಯಕ್ಷರು ಬೀಜ ಉಗುಳುವುದರಲ್ಲಿ ಇಸೊಕಿಚಿಯನ್ನು ಸೋಲಿಸಿದರು. ಹತ್ಸುನೊ ಯಾರನ್ನೂ ನೋಡದೆ, ಯಾರಿಗೂ ಬಡಿಸದೆ ತಿಂದಳು. ರಾಶಿ ಕರಗಿ ಕೊನೆಯ ಗೊಂಚಲು ಉಳಿದಾಗ, ತನ್ನ ಮುಂದಿನ ಬೀಜಗಳ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದೆಂದು ಕಂಡು ನಾಚಿದಳು.

"ಅಯ್ಯೋ, ನಿಮಗೆ ಕೊಟ್ಟಿದ್ದನ್ನ ನಾನೇ ತಿಂದ್ಬಿಟ್ನಲ್ಲ. ನನ್ನ ಲೆಕ್ಕ ಇನ್ನೂ ಬಾಕಿ ಉಳೀತು."

"ಊರಿಗೆ ಹೋದ್ಮೇಲೆ ತೀರ್ಸಿದ್ರಾಯ್ತು ಬಿಡಿ," ಎಂದರು ಕಿನುಯೊ.

"ಊರಲ್ಲಿ ಹೇಗೆ ತೀರ್ಸೋದು? ನಾವು ಇಲ್ಲಿ ಸಿಕ್ಕೇ ಇಲ್ವಲ್ಲ!"

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅವರು ಗಲ್ಲ ಒರೆಸಿಕೊಂಡು, ಸಂಘದ ಸಭೆಯಲ್ಲಿ ಕೂರುವ ಗಾಂಭೀರ್ಯದಿಂದ ಯೋಚಿಸಿ, ಈ ಸಾಲವನ್ನು ವಸೂಲು ಮಾಡಲು ಯಾವ ದಾರಿಯೂ ಇಲ್ಲವೆಂದು ತೀರ್ಪು ಕೊಟ್ಟರು.

ಹತ್ಸುನೊ ತನ್ನ ಐವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಸಾಲವನ್ನು ಹಾಗೆಯೇ ಉಳಿಸಿಕೊಂಡು, ಕೊನೆಯ ಗೊಂಚಲಿನಿಂದ ಇನ್ನೊಂದು ಹಣ್ಣು ಕಿತ್ತಳು.