ಮೂರನೆಯ ಕೊಂಬು

ನವೆಂಬರದ ಎರಡನೆಯ ವಾರ. ಆಲಿವ್ ಕಾಯಿ ಕಪ್ಪಾಗತೊಡಗಿತ್ತು. ಸ್ಫಾಕ್ಸ್ ಪಟ್ಟಣದ ಒಳನಾಡಿನ ಹಳ್ಳಿಗಳಲ್ಲಿ ಹೊತ್ತು ಹುಟ್ಟುವ ಮೊದಲೇ ಮರಗಳಿಗೆ ಏಣಿಗಳು ಒರಗಿದ್ದವು. ಬಾಡಿಗೆ ವ್ಯಾನಿನಿಂದ ಇಳಿದ ವಸೀಲಾ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸುತ್ತ ಶಾದ್ಲಿಯಾ ಕೊಯ್ಯುತ್ತಿದ್ದ ಮರಗಳ ಸಾಲಿನತ್ತ ನಡೆದಳು. ಚೀಲದಲ್ಲಿ ನಲವತ್ತು ಪ್ರಶ್ನೆಗಳ ಹಾಳೆಯಿತ್ತು. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಕ್ಕಳಿಗೆ ಆಮೇಲೆ ಯಾವ ನೆರವು ನಿಜವಾಗಿ ಕೈಹಿಡಿಯಿತು ಎಂದು ಕೇಳುತ್ತ ಅವಳು ಆರು ತಿಂಗಳಿಂದ ಮನೆಮನೆ ತಿರುಗುತ್ತಿದ್ದಳು. ಮೂವತ್ತೊಂದು ಮನೆ ಮುಗಿದಿತ್ತು. ಈ ಒಂದನ್ನು ಮಾತ್ರ ಮುಂದೂಡುತ್ತಲೇ ಬಂದಿದ್ದಳು.

ಎರಡು ವರ್ಷದ ಹಿಂದೆ ಅವಳು ಪಟ್ಟಣದ ಮಕ್ಕಳ ನೆರವು ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದಾಗ ಶಾದ್ಲಿಯಾ ತಮ್ಮನ ಮಗಳು ಯುಸ್ರಾಳನ್ನು ಕರೆತಂದಿದ್ದಳು. ಹುಡುಗಿಗೆ ಆಗ ಹನ್ನೊಂದು. ನಡೆದದ್ದನ್ನು ಪೊಲೀಸರಿಗೆ, ವೈದ್ಯರಿಗೆ, ನ್ಯಾಯಾಧೀಶರಿಗೆ ಹೇಳಿ ಆಗಿತ್ತು. ಕಡತ ಪೂರ್ತಿಯಾಗಲೆಂದು ವಸೀಲಾ ಇನ್ನೊಮ್ಮೆ ಹೇಳಿಸಿದಳು. ದಿನಾಂಕ ತಾಳೆಯಾಗಲಿಲ್ಲವೆಂದು ಮತ್ತೊಮ್ಮೆ. ಮೂರನೆಯ ಸಲ ಕೇಳಿದಾಗ ಯುಸ್ರಾ ಬಾಯಿ ಮುಚ್ಚಿದವಳು ಚಳಿಗಾಲದ ಅರ್ಧ ಕಳೆದರೂ ತೆರೆಯಲಿಲ್ಲವಂತೆ. ಈಗ ಶಾಲೆಗೆ ಹೋಗುತ್ತಾಳೆ, ಜಗಳವನ್ನೂ ಆಡುತ್ತಾಳೆ ಎಂದು ಶಾದ್ಲಿಯಾ ಫೋನಿನಲ್ಲಿ ಹೇಳಿದ್ದಳು. ಅವಳನ್ನು ಮರಳಿ ತಂದದ್ದು ಏನೆಂದು ವಸೀಲಾಳಿಗೆ ತಿಳಿಯಬೇಕಿತ್ತು. ಆ ಬಾಯಿ ಕಟ್ಟಿಸಿದ್ದು ತಾನೇ ಅಲ್ಲವೇ ಎಂಬುದು ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿತ್ತು.

ಶಾದ್ಲಿಯಾ ಹಾಳೆಯನ್ನು ಕಣ್ಣೆತ್ತಿಯೂ ನೋಡದೆ ಆಡಿನ ಕೊಂಬಿನ ಮೂರು ತುದಿಗಳನ್ನು ಅವಳ ಕೈಗಿಟ್ಟಳು. ಕೊಯ್ಲಿನ ಹೆಂಗಸರು ಅವನ್ನು ಬೆರಳಿಗೆ ತೊಟ್ಟು ರೆಂಬೆಯನ್ನು ಬಾಚುತ್ತಾರೆ. ಕಾಯಿ ಕೆಳಗಿನ ಬಲೆಗೆ ಉದುರುತ್ತದೆ.

“ಮರದಡಿ ಕೈಕಟ್ಟಿ ನಿಂತವ್ರ ಹತ್ರ ನಾವು ಮಾತಾಡಲ್ಲ ಮೇಡಂ. ಏಣಿ ಹತ್ತಿ. ಬಿದ್ರೆ ಕೆಳಗೆ ಬಲೆ ಇದೆ, ಕಾಯಿ ಜಜ್ಜಿಹೋಗ್ತವೆ ಅಷ್ಟೆ.”

ಸಾಲಿನಲ್ಲಿ ನಗು ಹರಿಯಿತು. ವಸೀಲಾ ಏಣಿ ಹತ್ತಿ ಬಾಚತೊಡಗಿದಳು. ಮರದ ಆಚೆ ಬದಿಯ ಏಣಿಯ ಮೇಲೆ ಯುಸ್ರಾ ಇದ್ದಳು. ಎಲೆಗಳ ನಡುವೆ ಅವಳ ಕೈಗಳಷ್ಟೇ ಕಾಣುತ್ತಿದ್ದವು. ಒಂದು ಗಂಟೆ ಕಳೆಯಿತು. ಪ್ರಶ್ನೆ ಮೂರು ಸಲ ನಾಲಿಗೆಯ ತುದಿಗೆ ಬಂತು, ಮೂರು ಸಲವೂ ವಸೀಲಾ ನುಂಗಿಕೊಂಡಳು.

“ರೆಂಬೆ ಮುರೀಬೇಡಿ,” ಎಂದಳು ಹುಡುಗಿ. “ನೀವು ಎಲ್ಲಾನೂ ಜೋರಾಗಿ ಎಳೀತೀರಿ.”

ಆಮೇಲೆ ತಾನಾಗಿಯೇ ಹೇಳತೊಡಗಿದಳು. ಆ ಚಳಿಗಾಲ ಅತ್ತೆ ಅವಳನ್ನು ಹೀಗೇ ಮರದ ಆಚೆ ಬದಿಗೆ ಹತ್ತಿಸಿದ್ದಳು. ಏನೂ ಕೇಳಿರಲಿಲ್ಲ. ಇಪ್ಪತ್ತನೆಯದೋ ಮೂವತ್ತನೆಯದೋ ಮರದಲ್ಲಿ ಯುಸ್ರಾಳಿಗೇ ಮಾತು ಬಂದಿತ್ತು.

“ಅತ್ತೆ ಕೈ ನಿಲ್ಲಿಸ್ಲಿಲ್ಲ. ‘ನಂಬ್ತೀನಿ, ನಿಂದೇನೂ ತಪ್ಪಿಲ್ಲ’ ಅಂದ್ಲು. ಮಾರನೇ ದಿನದಿಂದ ಶಾಲೆ ಬಾಗಿಲ ತನಕ ಜೊತೆಗೆ ಬಂದ್ಲು, ವರ್ಷಪೂರ್ತಿ. ನೀವು ತಲೆ ಎತ್ತದೆ ಬರೀತಿದ್ರಿ. ಮತ್ತೆ ಮತ್ತೆ ಕೇಳಿದ್ರಲ್ಲ, ನಾನು ಸುಳ್ಳು ಹೇಳ್ತಿದೀನಿ ಅಂತ ನಿಮಗೆ ಅನ್ನಿಸಿದೆ ಅಂದ್ಕೊಂಡೆ.”

“ನಂಬಿದ್ದೆ ಯುಸ್ರಾ. ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ. ತಪ್ಪು ನಂದೇ.”

ಆಚೆ ಬದಿಯಿಂದ ಕಾಯಿ ಉದುರುತ್ತಲೇ ಇತ್ತು.

ಮಧ್ಯಾಹ್ನ ರೊಟ್ಟಿ, ಎಣ್ಣೆ, ಹರೀಸಾ ಎಂಬ ಮೆಣಸಿನ ಚಟ್ನಿ ಮುಂದಿಟ್ಟುಕೊಂಡು ಕೂತಾಗ ವಸೀಲಾ ಹಾಳೆ ತೆಗೆದಳು. ನಡೆದದ್ದನ್ನು ಮಗುವೇ ವಿವರಿಸಬೇಕೆಂಬ ಏಳನೆಯ ಪ್ರಶ್ನೆಯ ಮೇಲೆ ಗೀಟೆಳೆದು ಹುಡುಗಿಗೆ ತೋರಿಸಿದಳು.

“ಬೇರೆ ಮಕ್ಕಳ ಹಾಳೇಲೂ ಹೊಡೆದುಹಾಕ್ತೀರಾ?”

ಅದು ತನ್ನೊಬ್ಬಳ ಕೈಯಲ್ಲಿಲ್ಲ, ಅಧ್ಯಯನದ ನಿರ್ದೇಶಕರು ಒಪ್ಪಬೇಕು, ಕೇಳುತ್ತೇನೆ ಎಂದಳು ವಸೀಲಾ. ಇಷ್ಟರಲ್ಲಿ ಮೂವತ್ತೊಂದು ಮನೆಗಳಲ್ಲಿ ಅದನ್ನು ತಾನೇ ಕೇಳಿಯಾಗಿದೆ ಎಂಬುದು ನೆನಪಾಗಿ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು.

ಹೊರಡುವಾಗ ಅವಳು ಕೊಂಬುಗಳನ್ನು ಹಿಂದಿರುಗಿಸಿದಳು. ಯುಸ್ರಾ ಎರಡನ್ನು ಇಟ್ಟುಕೊಂಡು ಒಂದನ್ನು ಮರಳಿ ಕೊಟ್ಟಳು.

“ಹೊಡೆದುಹಾಕಿದ್ರೋ ಇಲ್ವೋ ಹೇಳೋಕೆ ಬರ್ತೀರಲ್ಲ, ಆಗ ತನ್ನಿ.”

“ಅಲ್ಲಿವರೆಗೆ ನಾನು ಎರಡೇ ಬೆರಳಲ್ಲಿ ಬಾಚ್ಬೇಕಾ?” ಎಂದು ಶಾದ್ಲಿಯಾ ಗೊಣಗಿದಳೇ ಹೊರತು ವಾಪಸು ಕೇಳಲಿಲ್ಲ.

ವ್ಯಾನಿನಲ್ಲಿ ವಸೀಲಾ ಆ ಕೊಂಬನ್ನು ಒಂದು ಬೆರಳಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದಳು. ಕೊಯ್ಲು ಮುಗಿಯುವುದರೊಳಗೆ ಉತ್ತರ ತರಲು ಆರು ವಾರ ಉಳಿದಿತ್ತು.