ಹಿಂದಕ್ಕೆ ಐದು, ಮುಂದಕ್ಕೆ ಒಂದು

ಯಾವ ಕೆಲಸ ಒಪ್ಪಿಕೊಂಡರೂ "ಪಕ್ಕಾ" ಅನ್ನುತ್ತಿದ್ದುದರಿಂದ ಗ್ಯಾರೇಜುಗಳ ಬೀದಿಯಲ್ಲಿ ಅವನಿಗೆ ಪಕ್ಕಣ್ಣ ಅಂತಲೇ ಹೆಸರು ನಿಂತಿತ್ತು. ಬ್ರೇಕು ಪಕ್ಕಾ, ಕ್ಲಚ್ಚು ಪಕ್ಕಾ, ನಾಳೆ ಸಂಜೆಗೆ ಗಾಡಿ ಪಕ್ಕಾ. ಮೊದಲಿನವೆರಡು ಸಾಮಾನ್ಯವಾಗಿ ನಿಜವಾಗುತ್ತಿದ್ದವು. ಮೂರನೆಯದನ್ನು ನಂಬುವವರು ಆ ಬೀದಿಗೆ ಹೊಸಬರು. ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಯಾವಾಗಲೂ ಕೈಗಿಂತ ಮುಂದಿರುತ್ತಿತ್ತು.

ಒಂದು ಸಂಜೆ ಬೀದಿಯವರೆಲ್ಲ ಟೀ ಕುಡಿಯುತ್ತ ನಿಂತಿದ್ದಾಗ ಆ ಬಾಯಿ ತೆರೆಯಿತು. ಈಗಿನ ಚಿಕ್ಕ ಕಾರುಗಳೂ ಒಂದು ಕಾರುಗಳೇ? ಎಂದ. ಎಳೆಯುವ ಭಾರವೆಲ್ಲ ಮುಂದಿನ ಚಕ್ರದ ಮೇಲೆ. ಹಿಂದಿನವು ಮದುವೆಗೆ ಬಂದ ದೂರದ ನಂಟರ ಹಾಗೆ ಸುಮ್ಮನೆ ಜೊತೆಗೆ ಬರುತ್ತವೆ. ಗಾಡಿ ಅಂದರೆ ಹಿಂದಿನ ಚಕ್ರ ನೂಕಬೇಕು, ಆಗಲೇ ಅದಕ್ಕೊಂದು ಗತ್ತು. ಎದುರು ಶೆಡ್ಡಿನ ಟಿಂಕರ್ ಯಜಮಾನರು ಜೀವಮಾನವೆಲ್ಲ ತಗಡು ಬಡಿದು ಕಿವಿ ಮಂದ ಮಾಡಿಕೊಂಡವರು, ನಾಲಿಗೆಯನ್ನಲ್ಲ. ಹಾಗಿದ್ದರೆ ಒಂದು ಕಾರನ್ನು ಹಾಗೆ ಮಾಡಿ ತೋರಿಸಪ್ಪ, ನೋಡೋಣ ಎಂದರು. ಪಕ್ಕಣ್ಣ ಯೋಚನೆ ಮಾಡದೆ "ಪಕ್ಕಾ" ಅಂದುಬಿಟ್ಟ.

ಅಂದದ್ದೇನೋ ಆಯಿತು, ಕಾರು? ಗಿರಾಕಿಗಳ ಗಾಡಿಗೆ ಗರಗಸ ಇಡುವಂತಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ, ಅದು ಹೆಂಡತಿಯದು.

ಅವಳು ಅದೇ ಬೀದಿಯ ಕೊನೆಯಲ್ಲಿದ್ದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಎಲ್ಲರೂ ಅವಳನ್ನು ಟೀಚರ್ ಅನ್ನುತ್ತಿದ್ದರು. ಕ್ಲಚ್ಚಿನ ಮೇಲೆ ಕಾಲು ನಡುಗುವವರು, ಲಾರಿ ಕಂಡರೆ ಕಣ್ಣು ಮುಚ್ಚುವವರು, ಗಂಡಂದಿರ ಹತ್ತಿರ ಕಲಿಯಲು ಹೋಗಿ ಅತ್ತುಕೊಂಡು ಬಂದವರು, ಎಲ್ಲರೂ ಅವಳ ಪಾಲಿಗೆ. ಅವಳು ಯಾರನ್ನೂ ಗದರಿದ್ದಿಲ್ಲ. ಲೈಸೆನ್ಸು ಸಿಕ್ಕ ಮೇಲೂ ಹೆದರುವವರನ್ನು ಭಾನುವಾರ ತನ್ನ ಸ್ವಂತ ಕಾರಿನಲ್ಲೇ ಕೂರಿಸಿಕೊಂಡು ಊರು ಸುತ್ತಿಸಿ ಭಯ ಬಿಡಿಸುತ್ತಿದ್ದಳು. ಅವಳಿಗಿದ್ದ ಒಳ್ಳೆಯ ಹೆಸರೆಲ್ಲ ಆ ಸೀಟಿನಲ್ಲಿ ಕೂತು ಸಂಪಾದಿಸಿದ್ದು.

ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ಯಾಕೆ ಬಿಚ್ಚಬೇಕು ಎಂದು ಅವಳು ಕೇಳಿದಳು. ಪಕ್ಕಣ್ಣನ ಹತ್ತಿರ ಇದ್ದದ್ದು ಬರೀ ಉತ್ಸಾಹ. ಮೇಜಿನ ಮೇಲೆ ಕಾಗದ ಹರಡಿಕೊಂಡು ಎಂಜಿನ್ನು ಇಲ್ಲಿ, ಶಾಫ್ಟು ಇಲ್ಲಿ ಎಂದು ಬರೆದು ತೋರಿಸಿದ. ಅವಳು ಕಾಗದವನ್ನು ನೋಡಲಿಲ್ಲ, ಅವನ ಮುಖ ನೋಡಿದಳು. ಗಂಡ ಇಷ್ಟು ಆಸೆಯಿಂದ ಏನನ್ನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಬೀಗದ ಕೈ ಕೊಟ್ಟು, ಮಾರನೆಯ ದಿನದಿಂದ ಬಸ್ಸು ಹತ್ತಿದಳು.

ಕೆಲಸ ಶುರುವಾಯಿತು. ಗುಜರಿಯಿಂದ ಒಂದು ಹಳೆಯ ವ್ಯಾನಿನ ಎಂಜಿನ್ನು, ಗೇರ್‌ಬಾಕ್ಸು, ಉದ್ದನೆಯ ಶಾಫ್ಟು, ಹಿಂದಿನ ಆಕ್ಸಲ್ಲು ಬಂದವು. ಅಡ್ಡಡ್ಡ ಕೂತಿದ್ದ ಎಂಜಿನ್ನನ್ನು ಎತ್ತಿ ಬಿಸಾಕಿ, ವ್ಯಾನಿನದನ್ನು ಉದ್ದುದ್ದ ಕೂರಿಸಬೇಕು. ಶಾಫ್ಟು ಹಾಯಲು ಕಾರಿನ ಹೊಟ್ಟೆಯನ್ನು ನಡುವೆ ಸೀಳಿ ತಗಡಿನ ಕಮಾನು ಕಟ್ಟಬೇಕು. ವೆಲ್ಡಿಂಗ್ ಕೆಲಸಕ್ಕೆ ಭಾವಮೈದ ಬಂದ. ಅಕ್ಕನ ಕಾರಿನ ನೆಲ ಕತ್ತರಿಸುವಾಗ ಅವನು ಒಂದು ಕ್ಷಣ ಕೈ ತಡೆದ. ನೀನು ಕತ್ತರಿಸು, ಹೊಲಿಯೋದು ನನಗೆ ಬಿಡು ಎಂದ ಪಕ್ಕಣ್ಣ.

ತೊಡಕು ಬಂದದ್ದು ಕೊನೆಗೆ. ಸ್ಟಿಯರಿಂಗಿಗೆ ತಾಗದಿರಲಿ ಎಂದು ಎಂಜಿನ್ನನ್ನು ಒಂದು ಪಕ್ಕಕ್ಕೆ ಸರಿಸಿ ಕೂರಿಸಿದ್ದರು. ಶಾಫ್ಟು ಆ ಪಕ್ಕದಲ್ಲೇ ಹಿಂದೆ ಬಂತು. ಅದು ಸೇರಬೇಕಾದ ಆಕ್ಸಲ್ಲಿನ ಮೂತಿ ಇದ್ದದ್ದು ಇನ್ನೊಂದು ಪಕ್ಕಕ್ಕೆ. ಒಂದು ದಿನವೆಲ್ಲ ಅದರ ಸುತ್ತ ಸುತ್ತಿದ ಪಕ್ಕಣ್ಣನಿಗೆ ಇದ್ದಕ್ಕಿದ್ದ ಹಾಗೆ ಹೊಳೆಯಿತು: ಆಕ್ಸಲ್ಲನ್ನೇ ತಲೆಕೆಳಗು ಮಾಡಿದರೆ ಮೂತಿ ಈಚೆ ಬರುತ್ತದೆ. ತಿರುಗಿಸಿ ಇಟ್ಟ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ತನ್ನ ಬುದ್ಧಿಯನ್ನು ತಾನೇ ನೋಡಿ ಖುಷಿಪಟ್ಟ.

ಆದರೆ ಭಾವಮೈದ ಬಗ್ಗಿ ನೋಡಿ, "ಭಾವ, ಎಣ್ಣೆ ಹಾಕೋ ತೂತು ಕೆಳಗೆ ಬಂತಲ್ಲ. ಇದು ಉಲ್ಟಾ ಆಗಲ್ವಾ?" ಅಂದ.

ತೂತು ತಾನೇ, ಮೇಲೊಂದು ಕೊರೆದರಾಯಿತು ಎಂದ ಪಕ್ಕಣ್ಣ. ಕೊರೆದ. ಎಂಜಿನ್ನು ಶುರು ಮಾಡಿ, ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಗೇರು ಹಾಕಿದಾಗ ಹಿಂದಿನ ಚಕ್ರಗಳು ಗಿರ್ರನೆ ತಿರುಗಿದವು. ಭಾವ, ಭಾವಮೈದ ಇಬ್ಬರೂ ಕೈ ಕುಲುಕಿಕೊಂಡರು. ಚಕ್ರ ತಿರುಗುತ್ತದೆಯೇ ಎಂದು ಇಬ್ಬರೂ ನೋಡಿದರು. ಯಾವ ಕಡೆಗೆ ತಿರುಗುತ್ತದೆ ಎಂದು ಒಬ್ಬನೂ ನೋಡಲಿಲ್ಲ. ತಲೆಕೆಳಗಾದ ಆಕ್ಸಲ್ಲು ಚಕ್ರಗಳನ್ನೂ ತಿರುಗಮುರುಗ ಓಡಿಸುತ್ತದೆ, ಫಸ್ಟ್ ಗೇರು ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ ಎನ್ನುವುದು, ಕೆಲಸ ಕಲಿಯಲು ಮೊನ್ನೆ ಸೇರಿದವನೂ ಕೂತು ಯೋಚಿಸಿದರೆ ಹೇಳಬಹುದಾದ ಸಂಗತಿ. ಪಕ್ಕಣ್ಣ ಕೂತೂ ಇರಲಿಲ್ಲ, ಯೋಚಿಸಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಸೇರಿತು. ಮೊದಲು ಓಡಿಸುವವಳು ಗಾಡಿಯ ಒಡತಿಯೇ ಎಂದು ಪಕ್ಕಣ್ಣ ಸಾರಿದ. ಅದರಲ್ಲಿ ಪ್ರೀತಿಯೂ ಇತ್ತು. ಗಾಡಿ ತನ್ನ ಎದುರಿಗೆ ಶೆಡ್ಡಿನಿಂದ ಹೊರಬರುವುದನ್ನು ಕೈಕಟ್ಟಿ ನಿಂತು ನೋಡುವ ಆಸೆ ಅದಕ್ಕಿಂತ ಹೆಚ್ಚಾಗಿತ್ತು. ಅವಳು ಕೂತು ಸೀಟು ಸರಿಮಾಡಿಕೊಂಡಳು, ಕನ್ನಡಿ ತಿದ್ದಿದಳು, ಆಚೀಚೆ ನೋಡಿದಳು. ಶಿಷ್ಯರಿಗೆ ಹೇಳಿಕೊಡುವುದನ್ನೆಲ್ಲ ತಾನೂ ತಪ್ಪದೆ ಮಾಡಿ, ಗೇರು ಹಾಕಿ, ಮೆಲ್ಲಗೆ ಕ್ಲಚ್ಚು ಬಿಟ್ಟಳು.

ಕಾರು ಹಿಂದಕ್ಕೆ ಹೋಯಿತು. ಅವಳು ಥಟ್ಟನೆ ಬ್ರೇಕು ಒತ್ತಿದರೂ ಬಂಪರು ಹಿಂದಿನ ಕಪಾಟಿಗೆ ತಾಗಿ, ಎಣ್ಣೆಯ ಡಬ್ಬಗಳು ಒಂದರ ಹಿಂದೊಂದು ಉರುಳಿದವು. ಯಾರೋ ಕಿಸಕ್ಕೆಂದರು. ಆ ನಗು ಯಾರ ಕಡೆ ತಿರುಗುತ್ತದೋ ಎನ್ನುವ ಒಂದೇ ಒಂದು ಗಳಿಗೆ ಇತ್ತು. ಪಕ್ಕಣ್ಣನ ಬಾಯಿ ಆ ಗಳಿಗೆಯನ್ನೂ ಕಾಯಲಿಲ್ಲ.

"ರಿವರ್ಸ್ ಹಾಕ್ಬಿಟ್ಟಿದ್ದಾಳೆ ನೋಡಿ," ಅಂದ. "ಊರಿಗೆಲ್ಲ ಕಲಿಸೋಳು, ಮನೆ ಗಾಡಿ ಅಂದ್ರೆ ಗೇರೇ ಮರೀತಾಳೆ."

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನೂ ನಗುತ್ತ ಕಾರಿನ ಹತ್ತಿರ ಹೋಗಿ ಕಿಟಕಿಯಿಂದ ಬಗ್ಗಿದ. ಗೇರು ಫಸ್ಟಿನಲ್ಲಿತ್ತು. ಅವಳ ಕೈ ಇನ್ನೂ ಅದರ ಮೇಲೇ ಇತ್ತು.

ಆಗ ಅವನಿಗೆ ಎಲ್ಲ ತಿಳಿಯಿತು. ಕೆಳಗೆ ಬಂದ ತೂತು, ತಿರುಗಿಸಿದ ಆಕ್ಸಲ್ಲು, ಭಾವಮೈದನ ಮಾತು. ಬೆನ್ನ ಹಿಂದೆ ಹೆಜ್ಜೆಗಳು ಹತ್ತಿರ ಬರುತ್ತಿದ್ದವು. ಅವನು ಕಿಟಕಿಯೊಳಗೆ ಕೈ ತೂರಿಸಿ, ಹೆಂಡತಿಯ ಕೈಯನ್ನು ಸರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದ. ಅವಳು ಆ ಕೈಯನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಇಳಿದು, ಚಪ್ಪಲಿಗೆ ಹತ್ತಿದ ಎಣ್ಣೆಯನ್ನು ನಲ್ಲಿಯಲ್ಲಿ ತೊಳೆದುಕೊಂಡು ಮನೆಗೆ ನಡೆದಳು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಬರೆ ಹಾಕಿದವನಿಗೆ ಅವತ್ತು ಊಟ ಸೇರಲಿಲ್ಲ, ಅಷ್ಟು ನಿಜ. ಮನೆಯಲ್ಲಿ ಅವಳು ಜಗಳವಾಡಲಿಲ್ಲ. ಬೇಕಾದಷ್ಟೇ ಮಾತು, ತಟ್ಟೆ ಇಡುತ್ತಿದ್ದಳು, ಬಾಗಿಲು ಹಾಕಿಕೊಳ್ಳಿ ಎನ್ನುತ್ತಿದ್ದಳು. ಬೈದಿದ್ದರೆ ಅವನು ಎದುರು ಬೈದು ಹಗುರವಾಗುತ್ತಿದ್ದ. ಒಂದೆರಡು ದಿನದಲ್ಲಿ ಎಲ್ಲರೂ ಮರೆಯುತ್ತಾರೆ, ಅಷ್ಟರಲ್ಲಿ ಸದ್ದಿಲ್ಲದೆ ಆಕ್ಸಲ್ಲು ಸರಿಮಾಡಿ ಗಾಡಿ ಕೊಟ್ಟುಬಿಟ್ಟರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೀದಿ ಮರೆಯಲಿಲ್ಲ. ಟೀಚರ್ ಹೋಗಿ ರಿವರ್ಸ್ ಟೀಚರ್ ಆಯಿತು. ಸ್ಕೂಟರು ರಿಪೇರಿಗೆ ಬಂದ ಹೆಂಗಸೊಬ್ಬಳು, ಟೀಚರ್ ಇವನ ಹೆಂಡತಿ ಎಂದು ಗೊತ್ತಿಲ್ಲದೆ, ಗೇರೇ ಗೊತ್ತಿಲ್ಲದವರ ಕೈಗೆ ಮಗಳನ್ನು ಹೇಗೆ ಕೊಡುವುದು, ಬೇರೆಯವರ ಹತ್ತಿರ ಹಾಕಿಸಿದೆ ಎಂದಳು. ಪಕ್ಕಣ್ಣ ತಲೆ ಎತ್ತದೆ ಸ್ಕೂಟರಿನ ಬ್ರೇಕ್ ಕೇಬಲ್ಲಿಗೆ ಬೇಕಾದದ್ದಕ್ಕಿಂತ ಹೆಚ್ಚು ಎಣ್ಣೆ ಬಿಟ್ಟ. ಅದು ನಾನು ಮಾಡಿದ್ದು ಎನ್ನಬೇಕಿತ್ತು. ಬೇಡದಾಗ ಓಡಿಬರುವ ಬಾಯಿ ಆಗ ಹೊಲಿದ ಹಾಗಿತ್ತು.

ವಾರ ಕಳೆದ ಮೇಲೆ ಭಾವಮೈದ ಬಂದ. ವೆಲ್ಡಿಂಗ್ ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತ, ಸ್ಕೂಲಿನವರು ಅಕ್ಕನಿಗೆ ಗಾಡಿ ಕೊಡುತ್ತಿಲ್ಲ, ರಸ್ತೆ ಚಿಹ್ನೆಗಳ ಪಾಠ ಮಾಡಲು ಒಳಗೆ ಕೂರಿಸಿದ್ದಾರೆ ಎಂದ. ಮುಂದಿನ ತಿಂಗಳು ಅದೂ ಇರುತ್ತದೋ ಇಲ್ಲವೋ. ಇಷ್ಟು ಹೇಳಿ, ಆಕ್ಸಲ್ಲಿನ ಮೇಲಿದ್ದ ಹೊಸ ತೂತಿನ ಕಡೆ ಒಮ್ಮೆ ನೋಡಿ, ಹೊರಟುಹೋದ. ಪಕ್ಕಣ್ಣನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿಗೆ ಅಂಥ ಕೆಲಸಕ್ಕೆಲ್ಲ ಪುರುಸೊತ್ತಿಲ್ಲ.

ಅವನು ಜಾಕಿ ಕೊಟ್ಟು ಗಾಡಿ ಎತ್ತಿ, ಆಕ್ಸಲ್ಲಿನ ಮೊದಲನೇ ಬೋಲ್ಟಿಗೆ ಪಾನಾ ಹಾಕಿದ. ತಿರುಗಿಸಲಿಲ್ಲ. ಇದನ್ನು ಈಗ ಸರಿಮಾಡಿಬಿಟ್ಟರೆ ಗಾಡಿ ಮುಂದಕ್ಕೆ ಓಡುತ್ತದೆ. ಅವತ್ತು ಹಿಂದಕ್ಕೆ ಹೋದದ್ದು ಹೆಂಡತಿಯ ತಪ್ಪೆಂದೇ ಉಳಿದುಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ಅವಳ ಮಾನ, ತಿಂದದ್ದು ಅವನು. ಪಾನಾ ಕೆಳಗಿಟ್ಟು ಜಾಕಿ ಇಳಿಸಿದ.

ಸಂಜೆ ಟೀ ಹೊತ್ತಿಗೆ ಗಾಡಿಯನ್ನು ಬೀದಿಗೆ ನೂಕಿ ತಂದು ಎಲ್ಲರನ್ನೂ ಕರೆದ. ಡ್ರೈವರ್ ಬದಿಯ ಬಾಗಿಲು ಅಗಲಕ್ಕೆ ತೆರೆದು ಕೂತು, ಗೇರು ನೋಡಿ, ಫಸ್ಟಲ್ಲಿದೆ ತಾನೇ ಎಂದು ಕೇಳಿದ. ಹೌದೆಂದರು. ಕ್ಲಚ್ಚು ಬಿಟ್ಟ, ಗಾಡಿ ಹಿಂದಕ್ಕೆ ಸರಿಯಿತು. ಸೆಕೆಂಡ್ ಹಾಕಿದ, ಇನ್ನೂ ಜೋರಾಗಿ ಹಿಂದಕ್ಕೆ. ಆಕ್ಸಲ್ ತಲೆಕೆಳಗೆ ಹಾಕಿದವನು ನಾನು, ಹಿಂದಕ್ಕೆ ಐದು ಗೇರು, ಮುಂದಕ್ಕೆ ಒಂದು, ಅವಳ ತಪ್ಪು ಏನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ನಗುತ್ತಾರೆ ಎಂದು ಮೈ ಗಟ್ಟಿ ಮಾಡಿಕೊಂಡಿದ್ದ. ಯಾರೂ ನಗಲಿಲ್ಲ.

"ಗೊತ್ತಿತ್ತಪ್ಪ," ಅಂದರು ಟಿಂಕರ್ ಯಜಮಾನರು. "ಮೇಲೆ ಹೊಸ ತೂತು ಕಂಡಾಗಲೇ ಗೊತ್ತಾಯ್ತು. ಮೆಕ್ಯಾನಿಕ್‌ಗಳ ಬೀದೀಲಿ ಇದು ಯಾರಿಗೆ ತಿಳಿಯಲ್ಲ?"

ಮತ್ತೆ ಯಾಕೆ ನಕ್ಕಿರಿ ಎಂದು ಪಕ್ಕಣ್ಣ ಕೇಳಿದ.

"ನೀನು ನಗಿಸ್ದೆ, ನಕ್ವಿ. ನಿನ್ನ ಹೆಂಡ್ತೀನ ನೀನೇ ಆಡ್ಕೊಳ್ತಿದ್ದೆ. ನಡುವೆ ಬಾಯಿ ಹಾಕೋಕೆ ನಾವ್ಯಾರು?"

ಪಕ್ಕಣ್ಣನಿಗೆ ಈಗ ಅರ್ಥವಾಯಿತು. ತನ್ನ ಮಾನ ಉಳಿಯಲಿ ಎಂದು ಇಷ್ಟು ಜನ ಸೇರಿ ಒಬ್ಬಳನ್ನು ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಡಿ ಎಂದು ಮೊದಲು ಹೇಳಿದವನು ತಾನೇ. ಆದರೆ ಸ್ಕೂಲಿನವರಿಗೆ ಇದು ಗೊತ್ತಿರಲಿಲ್ಲ. ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡು, ಫಸ್ಟ್ ಗೇರಿನಲ್ಲೇ, ಬೀದಿಯ ಉದ್ದಕ್ಕೂ ಹಿಂದುಹಿಂದಕ್ಕೆ ಓಡಿಸಿಕೊಂಡು ಹೊರಟ. ಅಂಗಡಿಗಳಿಂದ ಜನ ಹೊರಗೆ ಬಂದು ನೋಡಿದರು. ಯಜಮಾನರು, ಉಳಿದವರು, ಟೀ ಲೋಟ ಹಿಡಿದುಕೊಂಡೇ ಜೊತೆಯಲ್ಲಿ ನಡೆದರು. ಸ್ಕೂಲಿನ ಅಂಗಳದಲ್ಲಿ ಮಾಲೀಕರೂ ಕಲಿಯಲು ಬಂದಿದ್ದವರೂ ನೋಡುತ್ತಿದ್ದಂತೆ ಇನ್ನೊಮ್ಮೆ ಎಲ್ಲವನ್ನೂ ಮಾಡಿ ತೋರಿಸಿದ. ಮಾಲೀಕರು ಕೆಮ್ಮಿದರು, ಹೀಗೂ ಉಂಟೇ ಎಂದರು, ಟೀಚರು ನಾಳೆಯಿಂದ ಗಾಡಿ ತೆಗೆದುಕೊಳ್ಳಲಿ ಎಂದರು.

ಅವಳು ಪಾಠದ ಕೋಣೆಯ ಕಿಟಕಿಯಲ್ಲಿ ನಿಂತು ನೋಡಿದ್ದಳು. ಪಕ್ಕಣ್ಣ ಒಳಗೆ ಹೋದ. ಗೋಡೆಯ ತುಂಬ ರಸ್ತೆ ಚಿಹ್ನೆಗಳು, ಮುಂದೆ ತಿರುವಿದೆ, ಪ್ರವೇಶವಿಲ್ಲ, ನಿಧಾನ. ಬೆವರು ಒರೆಸಿಕೊಂಡು, ಎಲ್ಲರ ಮುಂದೆ ಹೇಳಿಬಿಟ್ಟೆ ಎಂದ. ಹೇಳುವಾಗ ಗೆದ್ದು ಬಂದವನ ದನಿ ಸ್ವಲ್ಪ ಬಂದುಬಿಟ್ಟಿತು. ಅದು ಅವನಿಗೂ ಕೇಳಿಸಿತು.

"ಕೇಳಿಸ್ಕೊಂಡೆ," ಅಂದಳು. "ಆಕ್ಸಲ್ ಉಲ್ಟಾ ಹಾಕಿದ್ದು ಹೇಳಿದ್ರಿ. ಅದು ಯಾರಿಗಾದ್ರೂ ಆಗೋ ತಪ್ಪು. ನನ್ನ ಕೈ ಸರಿಸಿ ಗೇರ್ ತೆಗೆದ್ರಲ್ಲ, ಅದನ್ನ ಹೇಳಿದ್ರಾ?"

ಹೇಳಿರಲಿಲ್ಲ. ಬೀದಿಯಿಂದ ಇಲ್ಲಿಯ ತನಕ ಹಿಂದುಹಿಂದಕ್ಕೆ ಬರುವಾಗಲೂ ಅದೊಂದನ್ನು ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಅಥವಾ ಹೊಳೆದಿತ್ತು, ಅವನು ನೋಡದ ಹಾಗೆ ಪಕ್ಕದಲ್ಲಿ ಹಾದು ಬಂದಿದ್ದ. ಇಲ್ಲ ಎಂದ. ಅವಳು ಬಾಗಿಲ ಕಡೆ ನೋಡಿದಳು.

ಅಂಗಳದಲ್ಲಿ ಎಲ್ಲರೂ ಇನ್ನೂ ಇದ್ದರು. ಯಜಮಾನರು ಯಾವುದೋ ಹಳೆಯ ಲಾರಿಯ ಕಥೆ ಹೇಳುತ್ತಿದ್ದರು, ಮಾಲೀಕರು ನಗುತ್ತಿದ್ದರು. ಮನಸ್ಸು ಹಗುರವಾದ ಜನ ಹೇಗಿರುತ್ತಾರೋ ಹಾಗಿದ್ದರು. ಪಕ್ಕಣ್ಣ ಮೆಟ್ಟಿಲಿಳಿದು ಅವರ ನಡುವೆ ನಿಂತ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ತನ್ನ ಬಲಗೈಯನ್ನೇ ನೋಡಿಕೊಂಡ.

"ಇನ್ನೊಂದು ಇದೆ," ಅಂದ. "ಅವತ್ತು ಗೇರು ಫಸ್ಟಲ್ಲೇ ಇತ್ತು. ನಾನು ಕಣ್ಣಾರೆ ನೋಡ್ದೆ. ನೀವು ನೋಡ್ಬಾರ್ದು ಅಂತ ಅವಳ ಕೈ ತಳ್ಳಿ ನಾನೇ ತೆಗೆದೆ."

ಯಜಮಾನರ ಕಥೆ ಅರ್ಧಕ್ಕೆ ನಿಂತಿತು. ಈ ಸಲ ಗೊತ್ತಿತ್ತು ಎಂದು ಯಾರೂ ಅನ್ನಲಿಲ್ಲ.