ಅಜ್ಜ ಇಳಿದು ಬಂದದ್ದು ಯಾರ ತಪ್ಪಿಗೆ

ಬಾಹರನ ಕೊಟ್ಟಿಗೆಯಿಂದ ಮತ್ತೊಂದು ಮೇಕೆ ಹೋಯಿತು. ಕೆಸರಿನಲ್ಲಿ ಹುಲಿಯ ಹೆಜ್ಜೆ. ಸುಮಾತ್ರಾದ ಆ ಬೆಟ್ಟದೂರಿನಲ್ಲಿ ಅದನ್ನು ಯಾರೂ ಹುಲಿ ಎನ್ನುವುದಿಲ್ಲ, ಅಜ್ಜ ಎನ್ನುತ್ತಾರೆ. ಊರಿನಲ್ಲಿ ಯಾರಾದರೂ ನಡತೆಗೆಟ್ಟರೆ ಅಜ್ಜ ಕಾಡಿನಿಂದ ಇಳಿದು ಬರುತ್ತಾನೆಂದು ನಂಬಿಕೆ.

ಬಾಹರನಿಗೆ ಸಂಶಯ ತಂಗಿಯ ಮಗಳು ರೋಸ್ನಾಳ ಮೇಲೆ. ಗಂಡ ಸತ್ತವಳು, ಕಾಫಿಬೀಜ ಕೊಳ್ಳಲು ಬರುವ ವ್ಯಾಪಾರಿಯೊಡನೆ ನಗುತ್ತಾಳೆ.

“ಸಂಜೆ ನಮಾಜಾದ ಮೇಲೆ ಇದನ್ನ ವಿಚಾರಿಸೋಕೆ ಹಿರಿಯರು ಸೇರ್ತಾರೆ. ನೀನು ಮನೆ ಬಿಡೋದೇ ಒಳ್ಳೇದು,” ಅಂದ.

“ನಕ್ಕಿದ್ದು ನಿಜ ಮಾವ. ಅವನು ತೂಕ ಕದಿಯೋಕೆ ತಕ್ಕಡಿ ಒತ್ತಿ ಹಿಡಿದಿದ್ದ, ಸಿಕ್ಕಿಬಿದ್ದ ಅಂತ ನಕ್ಕೆ.”

“ನಾನು ನಂಬಿದರೂ ಅಜ್ಜ ನಂಬಬೇಕಲ್ಲ.”

ಅಷ್ಟರಲ್ಲಿ ಕಾಡು ಕಾಯುವ ತಂಡದ ಶಾಫ್ರಿಲ್ ಬಂದು ಕೆಸರಿನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಮಾವ, ಇಲ್ಲಿ ನೋಡಿ. ಒಂದು ಪಾದ ನೆಲಕ್ಕೆ ಊರಿಲ್ಲ, ಎಳ್ಕೊಂಡು ಹೋಗಿದೆ. ಇದು ಯಾರ ನಡತೆಗೂ ಬಂದಿದ್ದಲ್ಲ, ಗಾಯ ಆಗಿ ಬಂದಿದ್ದು.”

“ನೀನೂ ಅವಳ ಕಡೆಯವನೇ? ಕಾಫಿ ಕುಡಿಸಿದಳೇನು?”

“ಕುಡಿಸಿದಳು, ಸಕ್ಕರೆ ಹಾಕಲಿಲ್ಲ. ಬನ್ನಿ, ಹೆಜ್ಜೆ ಎಲ್ಲಿಂದ ಬಂತು ನೋಡೋಣ.”

ಹೆಜ್ಜೆಗಳು ಬಾಹರನದೇ ಮರಗೆಣಸಿನ ತೋಟದ ಅಂಚಿಗೆ ಕರೆದೊಯ್ದವು. ಅಲ್ಲಿ ಕಿತ್ತುಬಂದ ಗೂಟ, ಹರಿದ ತಂತಿಯ ಉರುಳು, ಅದಕ್ಕಂಟಿದ ರಕ್ತ ಮತ್ತು ಕೆಂಚು ಕೂದಲು. ತನ್ನ ಹಳೆಯ ಮೋಟಾರು ಬೈಕಿನ ಬ್ರೇಕ್ ತಂತಿಯನ್ನು ಬಾಹರ ಗುರುತಿಸಿದ.

“ಹಂದಿಗೆ ಅಂತ ಇಟ್ಟಿದ್ದೆ,” ಅಂದ.

“ತಂತಿಗೆ ಹಂದಿ ಯಾವುದು, ಅಜ್ಜ ಯಾರು, ಏನು ಗೊತ್ತು? ಕಾಲು ಕೊಯ್ದಿದೆ. ಓಡೋ ಹಂದಿ ಸಿಗಲ್ಲ, ಕಟ್ಟಿದ ಮೇಕೆ ಸಿಗುತ್ತೆ. ಈ ದ್ವೀಪ ಬಿಟ್ಟರೆ ಇವರ ಕುಲ ಇನ್ಯಾವ ಕಾಡಲ್ಲೂ ಇಲ್ಲ ಮಾವ. ಇಲ್ಲೂ ಉಳಿದಿರೋದು ಕೆಲವೇ ನೂರು. ಇವರೂ ಹೋದರೆ ಹಂದಿಗಳನ್ನ ಹಿಡಿಯೋರು ಯಾರು?”

ಬಾಹರ ಉಳಿದ ಉರುಳುಗಳನ್ನು ತಾನೇ ಕಿತ್ತ.

ಸಂಜೆ ಮಸೀದಿಯ ಜಗಲಿಯಲ್ಲಿ ಹಿರಿಯರು ಕೂತಿದ್ದರು. ಮೆಟ್ಟಿಲ ಬಳಿ ರೋಸ್ನಾ ತಲೆ ತಗ್ಗಿಸಿ ನಿಂತಿದ್ದಳು. ಬಾಹರ ತಂತಿಗಳನ್ನೆಲ್ಲ ಅವರ ಮುಂದೆ ಸುರಿದ.

“ಅಜ್ಜ ತಪ್ಪಿದ್ದ ಕಡೆಗೇ ಬಂದಿದ್ದಾನೆ. ನನ್ನ ಕೊಟ್ಟಿಗೆಗೆ. ಮನೆ ಬಿಡಬೇಕಾದವಳು ಇವಳಲ್ಲ,” ಅಂದ. ಆಮೇಲೆ ರೋಸ್ನಾಳ ಕಡೆ ತಿರುಗಿ, “ಮನೆಗೆ ನಡಿ ಮಗಳೇ,” ಅಂದ.

ಗಾಯಗೊಂಡ ಅಜ್ಜನನ್ನು ಶಾಫ್ರಿಲನ ತಂಡ ಇನ್ನೂ ಹುಡುಕುತ್ತಿದೆ. ದೇವರು ಅವನ ಉಸಿರು ಉಳಿಸಲಿ.

ಓದುವ ಬಂಧುಗಳೇ, ನಿಮ್ಮ ಹೊಲದಂಚಿನಲ್ಲಿ ಉರುಳು ಇದ್ದರೆ ಇಂದೇ ಕಿತ್ತುಹಾಕಿ. ಬೇರೆಡೆ ಕಂಡರೆ ಕಾಡು ಕಾಯುವವರಿಗೆ ತಿಳಿಸಿ. ಮೇಕೆಗಳಿಗೆ ಗಟ್ಟಿ ಕೊಟ್ಟಿಗೆ ಕಟ್ಟಿ, ಬೆಳೆಗೆ ಬೇಲಿ ಹಾಕಿ. ಹುಲಿ ಊರ ಬಳಿ ಸುಳಿದರೆ ಪಕ್ಕದ ಮನೆಯವರ ನಡತೆ ನೋಡುವ ಮೊದಲು ನಿಮ್ಮ ಬೇಲಿಯ ಬುಡ ನೋಡಿ.